ನೆಟ್ಟಗಿದ್ದ ಎರಡು ಚಿತ್ರಗಳು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ದೂರು ಬಂತು. ಹಳೇ ಬಂಗಲೆಯ ಮಹಡಿಯಲ್ಲಿರುವ ಚಿತ್ರಶಾಲೆಯಿಂದ ‘ಹೊಲಿಯುವ ಹೆಂಗಸು’ ಎಂಬ ತೈಲಚಿತ್ರ ಕಾಣೆಯಾಗಿತ್ತು. ದೂರು ತಂದ ವ್ಯವಸ್ಥಾಪಕರು ಕಳ್ಳನನ್ನೂ ತಾವೇ ಗೊತ್ತುಮಾಡಿಕೊಂಡು ಬಂದಿದ್ದರು: ಕಾವಲುಗಾರ. ಸೋಮವಾರ ರಜೆ, ಮಹಡಿಯ ಬೀಗದ ಕೈ ಇರುವುದು ಆತನೊಬ್ಬನ ಬಳಿ. ಎಫ್‌ಐಆರ್ ದಾಖಲಾಯಿತು. ಕಾವಲುಗಾರನನ್ನು ಠಾಣೆಗೆ ಕರೆತಂದರು. ಆತನ ನಿವೃತ್ತಿಗೆ ಉಳಿದಿದ್ದು ಹನ್ನೊಂದೇ ದಿನ.

ಇನ್‌ಸ್ಪೆಕ್ಟರಿಗೆ ಯಾಕೋ ಇದು ಸರಿಕಾಣಲಿಲ್ಲ. ಹಿಂದೊಮ್ಮೆ ಆತುರಕ್ಕೆ ಬಿದ್ದು ನಿರಪರಾಧಿಯೊಬ್ಬನ ಕೈಗೆ ಕೋಳ ತೊಡಿಸಿದ್ದರು. ಅವನ ಹೆಂಡತಿ ನೋಡಿದ ನೋಟ ಇನ್ನೂ ಮರೆತಿರಲಿಲ್ಲ.

11.15ಕ್ಕೆ ಬಂಗಲೆಯಲ್ಲಿ ಪಂಚನಾಮೆ. ಕಾವಲುಗಾರನನ್ನೂ ಕರೆತಂದಿದ್ದರು. ಕಟ್ಟಡ ಒಂದು ಮಗ್ಗುಲಿಗೆ ಕುಸಿದಿದೆ. ಹೆಡ್ ಕಾನ್‌ಸ್ಟೇಬಲ್ ಕೈಯಿಂದ ಬಿದ್ದ ಪೆನ್ನು ಕಿಟಕಿಯವರೆಗೆ ಉರುಳಿಹೋಯಿತು. ಚಿತ್ರವಿದ್ದ ಜಾಗದ ಗೋಡೆ ತೇವದಿಂದ ಕಪ್ಪಾಗಿತ್ತು. ಖಾಲಿ ಜಾಗ ಎದ್ದು ಕಾಣದಿರಲೆಂದು ಕಳ್ಳ ಅಕ್ಕಪಕ್ಕದ ಎರಡು ಚಿತ್ರಗಳನ್ನು ಒತ್ತಿಗೆ ತಂದು, ಹೊಸ ಮೊಳೆಗೆ ನೇತುಹಾಕಿದ್ದ.

“ಇಲ್ಲಿ ಇನ್ನೇನಾದ್ರೂ ವ್ಯತ್ಯಾಸ ಕಾಣತ್ತಾ, ಯಜಮಾನ್ರೇ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಆ ಎರಡು ಸೊಟ್ಟಗಿವೆ ಅಮ್ಮ,” ಎಂದ ಕಾವಲುಗಾರ.

ಹೆಡ್ ಕಾನ್‌ಸ್ಟೇಬಲ್ ಕತ್ತು ಓರೆಮಾಡಿ ನೋಡಿದ. “ಸೊಟ್ಟಗಿರೋದು ಮಿಕ್ಕಿದ್ದೆಲ್ಲ. ಇವೆರಡೇ ನೆಟ್ಟಗಿರೋದು!”

“ಇಲ್ಲಿ ನೆಲದ ವಾಟ ನೋಡ್ಕೊಂಡೇ ನೇತುಹಾಕೋದು. ಇಲ್ದಿದ್ರೆ ಬಂದೋರಿಗೆ ತಲೆ ಸುತ್ತತ್ತೆ. ಮೂವತ್ತು ವರ್ಷದಿಂದ ನಾನೇ ಹಾಕ್ತಿರೋದು.”

“ಮೇಡಂ, ನಮ್ಮಪ್ಪ ಗಾರೆ ಕೆಲಸದೋರು,” ಎಂದ ಹೆಡ್ ಕಾನ್‌ಸ್ಟೇಬಲ್. “ಇದು ಕಣ್ಣಳತೆ ಅಲ್ಲ, ರಸಮಟ್ಟ ಇಟ್ಟು, ಅದರ ಗುಳ್ಳೆ ನೋಡಿ ಮಾಡಿದ ಕೆಲಸ. ಕಳ್ಳತನದಲ್ಲೂ ಎಂಥ ಅಚ್ಚುಕಟ್ಟು ನೋಡಿ!”

ಇನ್‌ಸ್ಪೆಕ್ಟರ್ ಕಾವಲುಗಾರನ ಕಡೆ ತಿರುಗಿದರು. “ನಿನ್ನೆ ಯಾರು ಬಂದಿದ್ರು?”

“ಫ್ರೇಮು ಕಟ್ಟೋರು. ಮುರಿದ ಫ್ರೇಮು ಒಯ್ಯೋಕೆ. ಬೀಗ ತೆಗೆದು ನಾನು ಟೀಗೆ ಹೋಗಿದ್ದೆ.”

“ಒಯ್ದದ್ದನ್ನ ಬಿಚ್ಚಿ ನೋಡಿದ್ರಾ?”

“ಬಟ್ಟೆ ಸುತ್ತಿತ್ತು. ಇಪ್ಪತ್ತು ವರ್ಷದ ಸ್ನೇಹ, ಬಿಚ್ಚು ಅಂತ ಹೇಗಮ್ಮ ಹೇಳ್ಲಿ?”

“ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ?”

“ನನ್ನ ತಲೆ ಉಳಿಸ್ಕೊಳ್ಳೋಕೆ ಇನ್ನೊಬ್ಬರ ಕಡೆ ಬೆರಳು ತೋರಿಸ್ಲಾ?”

ಮಧ್ಯಾಹ್ನ 3.30. ಫ್ರೇಮಿನವನ ಅಂಗಡಿಯಲ್ಲಿ ಮರದ ಹೊಟ್ಟು, ಅಂಟಿನ ವಾಸನೆ, ಮೇಜಿನ ಮೇಲೊಂದು ರಸಮಟ್ಟ. ಆತ ತಲೆ ಎತ್ತದೆ ಮರ ಉಜ್ಜುತ್ತಿದ್ದ.

“ಆ ಚಿತ್ರದ ವಿಷಯ ನಂಗೇನೂ ಗೊತ್ತಿಲ್ಲ.”

“ಸರಿ ಬಿಡಿ. ಕಾವಲುಗಾರರನ್ನ ನಾಳೆ ಕೋರ್ಟಿಗೆ ಒಪ್ಪಿಸ್ತೀವಿ,” ಎಂದರು ಇನ್‌ಸ್ಪೆಕ್ಟರ್. ಹಾಗೆ ಮಾಡುವ ಇರಾದೆ ಅವರಿಗಿರಲಿಲ್ಲ.

ಉಜ್ಜುವ ಕೈ ನಿಂತಿತು. “ಅವರನ್ನ ಯಾಕೆ ಹಿಡಿದ್ರಿ? ಅವರೇನು ಮಾಡಿದ್ದಾರೆ?” ಎಂದವನೇ ಎದ್ದು, ಬೀರು ತೆರೆದು, ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಚಿತ್ರವನ್ನು ಮೇಜಿನ ಮೇಲಿಟ್ಟ. 4.05ಕ್ಕೆ ಚಿತ್ರ ಜಪ್ತಿಯಾಯಿತು, ಆತನ ಬಂಧನವಾಯಿತು.

ಚಿತ್ರದ ಹೆಂಗಸು ಆತನ ತಾಯಿ. ಆ ಬಂಗಲೆಯ ಬಟ್ಟೆಗಳನ್ನು ಹೊಲಿಯುತ್ತಿದ್ದವಳು. ಅವಳ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಗೋಡೆಯ ತೇವಕ್ಕೆ ಚಿತ್ರದ ಮೇಲೆ ಬೂಷ್ಟು ಏರುತ್ತಿದೆ ಎಂದು ಆತ ವ್ಯವಸ್ಥಾಪಕರಿಗೆ ಮೂರು ಬಾರಿ ಅರ್ಜಿ ಕೊಟ್ಟಿದ್ದ. ಮೂರು ಬಾರಿಯೂ ‘ನೋಡೋಣ’ ಎಂಬ ಉತ್ತರ.

“ಕತ್ತಿನವರೆಗೂ ಬಂದಿತ್ತು ಮೇಡಂ,” ಎಂದ. “ಮುಖಕ್ಕೆ ಹತ್ತೋವರೆಗೂ ಕಾಯ್ಲಾ?”

ಚಿತ್ರವನ್ನು ಒಣ ಜಾಗದಲ್ಲಿ ಇಡತಕ್ಕದ್ದು ಎಂದು ಇನ್‌ಸ್ಪೆಕ್ಟರ್ ಜಪ್ತಿ ಪಂಚನಾಮೆಯಲ್ಲೇ ಬರೆಸಿದರು.

ಸಂಜೆ 5.20. “ನಿಮ್ಮ ಮೇಲೆ ಏನೂ ಇಲ್ಲ, ಮನೆಗೆ ಹೋಗಿ,” ಎಂದು ಕಾವಲುಗಾರನಿಗೆ ಹೇಳುವಾಗ ಇನ್‌ಸ್ಪೆಕ್ಟರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುದುಕ ಮೇಲುವಸ್ತ್ರದಿಂದ ಕಣ್ಣೊರೆಸಿಕೊಂಡು, ಕೈಮುಗಿದು, ಬಾಗಿಲವರೆಗೆ ಹೋದ. ಅಲ್ಲಿ ನಿಂತು ಹಿಂದಿರುಗಿದ.

“ಫ್ರೇಮಿನೋರ ಜಾಮೀನಿಗೆ ಒಬ್ಬರು ಬೇಕಲ್ವೇನಮ್ಮ? ನನ್ನ ಹೆಸರು ಬರ್ಕೊಳ್ಳಿ.”