ಒಂದು ನಿಮಿಷಕ್ಕೆ ಸಾಯದ ವೈರಸ್

"ಸುಳ್ಳು ಬರೆಯೋಕೆ ಮನಸ್ಸಾದ್ರೂ ಹೇಗೆ ಬಂತು ನಿಮಗೆ?"

ಲ್ಯಾಬಿನ ಬಾಗಿಲಲ್ಲೇ ಅವಳು ಆ ಕೆಮಿಸ್ಟನನ್ನು ತಡೆದು ನಿಲ್ಲಿಸಿದಳು. ಕೈಯಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯದೇ, ಮಂಚ-ಮೇಜು ಒರೆಸುವ ಸೋಂಕುನಿವಾರಕದ ಡಬ್ಬ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ಅವಳ ಅಕ್ಕ ಬೆಳಿಗ್ಗೆ ತಂದು ತೋರಿಸಿದ್ದಳು. ಮೇಲೆ ದಪ್ಪಕ್ಷರದಲ್ಲಿ: 'ಒಂದೇ ನಿಮಿಷದಲ್ಲಿ ವೈರಸ್ ನಾಶ.'

ಒಂದು ನಿಮಿಷವಂತೆ! ಸ್ಟೀಲ್ ತಟ್ಟೆಯ ಮೇಲೆ ವೈರಸ್ ಒಣಗಿಸಿ, ಈ ದ್ರಾವಣ ಹಾಕಿ, ಬದುಕಿ ಉಳಿದದ್ದೆಷ್ಟು ಎಂದು ನೋಡಿದವಳು ತಾನೇ. ತಟ್ಟೆ ಸ್ವಚ್ಛವಾಗಿದ್ದರೆ ಒಂದು ನಿಮಿಷ ಸಾಕು, ನಿಜ. ಕಫದಂಥ ಕೊಳೆ ಅಂಟಿದ್ದರೆ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಕಾಯಿಲೆ ಮಕ್ಕಳ ಮಂಚದ ಕಂಬಿ ಯಾವತ್ತು ಸ್ವಚ್ಛವಾಗಿರುತ್ತದೆ?

ಇದನ್ನೆಲ್ಲ ಇದೇ ಕೆಮಿಸ್ಟನಿಗೆ ಎದುರು ಕೂತು ವಿವರಿಸಿದ್ದಳು. ಸ್ಯಾಂಪಲ್ ತರುವ ನೆಪದಲ್ಲಿ ಬಂದು ಗಂಟೆಗಟ್ಟಲೆ ಮಾತಾಡುತ್ತ ಕೂರುತ್ತಿದ್ದ ಮನುಷ್ಯ. ಅವನ ಸ್ಕೂಟರಿನ ಸದ್ದಿಗೆ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದ ತನ್ನ ಮೇಲೂ ಅವಳಿಗೀಗ ಸಿಟ್ಟು ಬಂತು.

"ಬಾಯಿಗೆ ಬೀಗ ಹಾಕ್ಕೊಂಡಿದೀರಾ?"

"ನಾನು ಹತ್ತು ನಿಮಿಷ ಅಂತಲೇ ಬರೆದುಕೊಟ್ಟಿದ್ದೆ," ಎಂದನವನು. "ಹಾಗಂದ್ರೆ ಯಾರು ಕೊಳ್ತಾರೆ ಅಂತ ಯಜಮಾನ್ರು ಬದಲಾಯಿಸಿದ್ರು. ನಿನ್ನೆ ಗೊತ್ತಾಯ್ತು. ಜಗಳ ಆಡಿ ಕೆಲಸ ಬಿಟ್ಟೆ. ಮಕ್ಕಳ ಆಸ್ಪತ್ರೆಗೂ ಹೋಗಿ ಹೇಳಿದೆ... ಕೆಲಸ ಹೋದ ಹೊಟ್ಟೆಯುರಿಗೆ ಹೇಳ್ತಿದೀಯ ಅಂತ ಆಚೆ ಕಳಿಸಿದ್ರು."

ಅವಳು ಡಬ್ಬ ಕೆಳಗಿಟ್ಟಳು. ಛೆ, ಎಂಥ ಮಾತು ಅಂದುಬಿಟ್ಟೆ... ಮರುಕ್ಷಣ ಸಿಟ್ಟು ಇಮ್ಮಡಿಯಾಗಿ ಮರಳಿತು.

"ನಿನ್ನೆನೇ ನನ್ನ ಹತ್ರ ಯಾಕೆ ಬರ್ಲಿಲ್ಲ?"

"ನೀವು ನಂಬಲ್ಲ ಅನ್ನಿಸ್ತು."

"ಒಂದು ಮಾತು ಕೇಳಿ ನೋಡಿದ್ರಾ? ಪರೀಕ್ಷೆನೇ ಮಾಡದೆ ಫಲಿತಾಂಶ ಬರೆಯೋದ್ರಲ್ಲಿ ನಿಮ್ಮ ಯಜಮಾನರಿಗಿಂತ ನೀವೇನು ಕಮ್ಮಿ ಇಲ್ಲ."

ಅವನು ತಲೆ ತಗ್ಗಿಸಿ ನಕ್ಕ. "ನೀವು ಮಾತ್ರ? ಬಾಗಿಲಲ್ಲೇ ನಿಲ್ಲಿಸಿ ಸುಳ್ಳುಗಾರ ಅಂದ್ರಿ."

ಅವಳು ಒಳಗೆ ಮೇಜಿನತ್ತ ನಡೆದಳು. ಕೈಗವಸು ಕಳಚಿ, ತನ್ನ ಪರೀಕ್ಷಾ ವರದಿಯ ಪ್ರತಿ ಎತ್ತಿಕೊಂಡಳು. ಕಾರ್ಖಾನೆಯ ಒಪ್ಪಿಗೆಯಿಲ್ಲದೆ ಅದನ್ನು ಹೊರಗೆ ಒಯ್ದರೆ ತನ್ನ ಕೆಲಸಕ್ಕೂ ಸಂಚಕಾರ. ಹೋದರೆ ಹೋಗಲಿ ಎಂದುಕೊಂಡಳು.

"ನಡೀರಿ, ಆಸ್ಪತ್ರೆಗೆ. ಪರೀಕ್ಷೆ ಮಾಡಿದವಳೇ ಬಂದು ಹೇಳ್ತೀನಿ. ನನ್ನನ್ನ ಹೇಗೆ ಆಚೆ ಕಳಿಸ್ತಾರೋ ನೋಡೋಣ."

ಸ್ಕೂಟರ್ ಹತ್ತುವಾಗ ಅವನು ತಡವರಿಸಿದ. "ಕೆಲಸ ಇಲ್ಲದವನು ಕೇಳಬಾರದು... ಆದ್ರೂ... ನನ್ನನ್ನ ಮದುವೆ ಆಗ್ತೀರಾ?"

"ಮೊದಲು ಆ ಡಬ್ಬಗಳು ಮಕ್ಕಳ ವಾರ್ಡಿಂದ ಆಚೆ ಬರಲಿ," ಎಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಸಿಟ್ಟಿನ್ನೂ ಇಳಿದಿರಲಿಲ್ಲ, ಕೈ ಮಾತ್ರ ತೆಗೆಯಲಿಲ್ಲ. "ಆಮೇಲೆ ಇನ್ನೊಂದ್ಸಲ ಕೇಳಿ. ಇಲ್ಲ ಅನ್ನಲ್ಲ."