ಎರಡನೇ ಗೊಂಚಲು

"ಉಗೀರಿ!"

ನನ್ನ ಬಾಯಲ್ಲಿ ಐದು ದ್ರಾಕ್ಷಿ ಇತ್ತು. ಉಗಿಯಲಿಲ್ಲ. ಗಾಬರಿಯಲ್ಲಿ ಬೀಜ ಸಮೇತ ನುಂಗಿಬಿಟ್ಟೆ.

ಬಳ್ಳಿಯ ಆಚೆ ಒಬ್ಬ ನಿಂತಿದ್ದ. ಒಣಹುಲ್ಲಿನ ಟೋಪಿ, ಮೊಣಕೈವರೆಗೆ ಮಡಚಿದ ಅಂಗಿತೋಳು, ಕೈಯಲ್ಲಿ ಗೇಣುದ್ದದ, ದುರ್ಬೀನಿನಂಥ ಒಂದು ಕೊಳವೆ. ಸಿಟ್ಟಿನಲ್ಲೂ ಚೆನ್ನಾಗಿ ಕಾಣುವ ಗಂಡಸರು ಕಡಿಮೆ. ಇವನು ಕಾಣುತ್ತಿದ್ದ. ನನಗೆ ಅದೇ ಇನ್ನಷ್ಟು ಕಿರಿಕಿರಿ.

"ಕೆಂಪು ರಿಬ್ಬನ್ ಕಾಣ್ಸಲ್ವಾ ನಿಮ್ಗೆ?"

"ಕಾಣ್ಸಿದ್ದಕ್ಕೇ ಕಿತ್ಕೊಂಡಿದ್ದು! ರಿಬ್ಬನ್ ಕಟ್ಟಿರೋ ಬಳ್ಳಿ ನಡ್ಕೊಂಡು ಬರೋರಿಗೆ ಅಂತ ಹಿಂದಿನ ತೋಟದವ್ರೇ ಹೇಳಿದ್ರು."

"ಅದು ಅವರ ತೋಟ. ಇಲ್ಲಿ ರಿಬ್ಬನ್ ಅಂದ್ರೆ ಯಾರೂ ಮುಟ್ಟಬಾರ್ದು ಅಂತ. ಹಣ್ಣಾಗಿದ್ಯಾ ಅಂತ ದಿನಾ ನೋಡೋ ಬಳ್ಳಿ ಅದು. ಆರು ಗೊಂಚಲಿತ್ತು, ಈಗ ಐದು."

"ನೋಡೋದೇ ಬೇಡ ಬಿಡಿ. ಹಣ್ಣಾಗಿಲ್ಲ. ಹುಳಿಗೆ ನನ್ನ ಹಲ್ಲು ಜುಂ ಅಂತಿದೆ."

ಅವನ ಮುಖ ಸಪ್ಪಗಾಯಿತು. ತಪ್ಪು ಮಾಡಿದ್ದು ನಾನು, ನೊಂದುಕೊಂಡಿದ್ದು ಅವನು. ಥೂ, ನನ್ನ ಬಾಯಿಗೆ ಬೆಂಕಿ ಹಾಕ!

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವುದು. ವರ್ಷಕ್ಕೊಮ್ಮೆ ಎರಡು ವಾರ ರಜೆ. ಈ ಸಲ ಇಡೀ ಕಣಿವೆಯ ಹದಿನಾಲ್ಕು ದ್ರಾಕ್ಷಿ ತೋಟ ಕಾಲ್ನಡಿಗೆಯಲ್ಲೇ ನೋಡುವ ಹಠ. ಕಾರಿನಲ್ಲಿ ಬರುವವರು ಮೆತ್ತನೆಯ ಕುರ್ಚಿಯಲ್ಲಿ ಕುಳಿತು ವೈನ್ ರುಚಿ ನೋಡುತ್ತಾರೆ. ನನ್ನದು ನಡೆದು ತಿರುಗುವವರ ಅಗ್ಗದ ಹಾಸ್ಟೆಲಿನಲ್ಲಿ ಮೇಲಿನ ಮಂಚ, ಚೀಲದಲ್ಲಿ ಒಣ ಬ್ರೆಡ್ಡು, ನಲ್ಲಿ ನೀರು. ಒಂದು ಗುಟುಕು ಫ್ರೀ ಅಂದರೆ ಎರಡು ಸಲ ಸರದಿಯಲ್ಲಿ ನಿಲ್ಲುವ ಪೈಕಿ ನಾನು.

ಇನ್ನೊಂದು ಮಾತನ್ನು ಅವನಿಗೆ ಹೇಳಲಿಲ್ಲ. ಗುಡ್ಡದ ನೆತ್ತಿಯ ಕಾಲುದಾರಿಯಿಂದ ಇಳಿಯುವಾಗ, ಅವನದೇ ತೋಟದ ಮೇಲಿನ ಸಾಲಿನಲ್ಲಿ, ರಿಬ್ಬನ್ನೇ ಇಲ್ಲದ ಬಳ್ಳಿಯಿಂದ ಒಂದು ಇಡೀ ಗೊಂಚಲು ಮುಗಿಸಿಕೊಂಡೇ ಬಂದಿದ್ದೆ. ಅದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇರಲಿಲ್ಲ.

ಅಷ್ಟರಲ್ಲಿ ಅವನ ದೊಡ್ಡಮ್ಮ ಬಂದರು. ತೋಟದ ಯಜಮಾನಿ. ಸೊಂಟದಲ್ಲಿ ಕತ್ತರಿ, ಕಣ್ಣು ಅದಕ್ಕಿಂತ ಹರಿತ. ನನ್ನ ಚೀಲ, ಸವೆದ ಬೂಟು, ಅಂಟಂಟು ಬೆರಳು ಎಲ್ಲ ನೋಡಿದರು.

"ತಿಂದಿದ್ದು ತಿಂದಾಯ್ತು. ಮೂರು ದಿನ ಕ್ರೇಟ್ ತೊಳೀಲಿ. ಅಟ್ಟದ ಮೇಲೆ ಮಂಚ ಇದೆ, ಊಟ ನಮ್ದು."

ಬಿಟ್ಟಿ ಮಂಚ, ಬಿಟ್ಟಿ ಊಟ! ಇದಕ್ಕೂ ಶಿಕ್ಷೆ ಅಂತಾರಾ? ಕುಣಿಯುವುದೊಂದು ಬಾಕಿ. ತಲೆ ತಗ್ಗಿಸಿ, ಆದಷ್ಟು ಪಶ್ಚಾತ್ತಾಪದಿಂದ ಹೂಂ ಅಂದೆ.

ಕ್ರೇಟ್ ತೊಳೆಯುವಾಗ ದೊಡ್ಡಮ್ಮ ಕಥೆ ಹೇಳಿದರು. ಕೆಳಗಿನ ಬಯಲಿನ ದ್ರಾಕ್ಷಿ ಮಾರ್ಕೆಟ್ಟಿಗೆ ಹೋಗುತ್ತದೆ. ಗುಡ್ಡದ ದ್ರಾಕ್ಷಿ ವೈನಿಗೆಂದೇ ಅವರ ಯಜಮಾನರು ನೆಟ್ಟದ್ದು. ಅವರು ಹೋಗಿ ಆರು ವರ್ಷ. ಗುಡ್ಡ ಇವತ್ತಿನವರೆಗೂ ನೆಟ್ಟಗೆ ಒಂದು ಬಾಟಲಿ ಕೊಟ್ಟಿಲ್ಲ. ಒಂದು ವರ್ಷ ಮಳೆಗೆ ಕೊಳೆಯಿತು, ಇನ್ನೊಂದು ವರ್ಷ ಗೊಂಚಲೆಲ್ಲ ಸುಕ್ಕಾಗಿ ಹಕ್ಕಿಪಾಲು.

"ಈ ಸಲಾನೂ ಕೈಕೊಟ್ರೆ ಪಕ್ಕದ ವೈನ್ ಕಂಪನಿಗೆ ಗುತ್ತಿಗೆ ಕೊಟ್ಬಿಡ್ತೀನಿ. ಇವ್ನು ಅಲ್ಲೇ ಮ್ಯಾನೇಜರ್ ಆಗ್ಲಿ."

ಹಿಂದೆ ಪೈಪಿನ ನೀರು ನಿಂತಿತು. ತಿರುಗಿ ನೋಡಿದರೆ ಟೋಪಿಯವನು ಪೈಪನ್ನು ಮುಷ್ಟಿಯಲ್ಲಿ ಹಿಸುಕಿ ನಿಂತಿದ್ದ. ತನ್ನ ಕೈಯಾರೆ ಸವರಿ ಬೆಳೆಸಿದ ಗುಡ್ಡದಲ್ಲಿ ಇನ್ನೊಬ್ಬರ ಸಂಬಳಕ್ಕೆ ನಿಲ್ಲುವುದೆಂದರೆ ಅವನಿಗೆ ಏನೆಂದು ಅವನ ಕಣ್ಣೇ ಹೇಳುತ್ತಿತ್ತು.

ಆ ಮೂರು ದಿನ ಅವನು ನನ್ನನ್ನು ಗೊಂಚಲು ಎಂದು ಕರೆದ, ನಾನು ಅವನನ್ನು ಟೋಪಿ ಎಂದೆ. ತೊಳೆದಿಟ್ಟ ಕ್ರೇಟನ್ನೇ ಎತ್ತಿ, ತಿರುಗಿಸಿ, ಇಲ್ಲದ ಕೊಳೆ ಹುಡುಕುತ್ತ ಪಕ್ಕದಲ್ಲೇ ನಿಲ್ಲುತ್ತಿದ್ದ.

"ಇಲ್ಲಿ ಸ್ವಲ್ಪ ಉಳಿದಿದೆ."

"ಎಲ್ಲಿ?"

"ಇಲ್ಲೇ ಎಲ್ಲೋ ಇತ್ತು."

ಅವನ ದುರ್ಬೀನಿನ ಗಾಜು ಮಂಜಾಗಿತ್ತು. ಕಿತ್ತುಕೊಂಡು ಒರೆಸಿ ಕೊಟ್ಟೆ. ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಸಿಹಿ ಎಷ್ಟೆಂದು ಅದು ತೋರಿಸುತ್ತದೆ. ಅವನು ಬೆಳಕಿಗೆ ಹಿಡಿಯದೆ ಸೀದಾ ನನ್ನ ಕಡೆ ತಿರುಗಿಸಿದ.

"ಎಷ್ಟಿದೆ?" ಎಂದೆ.

"ಇದ್ರಲ್ಲಿ ಅಷ್ಟೊಂದು ನಂಬರ್ ಇಲ್ಲ."

ಆ ಮಾತಿಗೆ ನನ್ನ ಕಿವಿ ಬಿಸಿಯಾಗಿದ್ದು ಸಂಜೆಯಾದರೂ ಆರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಫೋನಿನಲ್ಲಿ ಎಚ್ಚರಿಕೆ ಬಂತು. ನಾಳೆ ಸಂಜೆ ಜೋರು ಮಳೆ. ಅವನು ರಿಬ್ಬನ್ ಬಳ್ಳಿಗೆ ಓಡಿದ. ದುರ್ಬೀನು ಹತ್ತೊಂಬತ್ತು ತೋರಿಸಿತು. ವೈನಿಗೆ ಇಪ್ಪತ್ತಮೂರಾದರೂ ಬೇಕು.

"ನಾಳೆ ಕಿತ್ರೆ ಹುಳಿ, ಬಿಟ್ರೆ ಕೊಳೆಯುತ್ತೆ," ಎಂದು ಖಾಲಿ ಕ್ರೇಟಿನ ಮೇಲೆ ಕುಕ್ಕರಿಸಿದ. "ಮುಗೀತು ಗೊಂಚಲು. ನೀವು ಹೊರಡಿ. ನಿಮ್ಮ ಶಿಕ್ಷೆನೂ ಮುಗೀತು."

ನನ್ನ ಚೀಲ ಕಟ್ಟಿಯಾಗಿತ್ತು. ಸುಮ್ಮನೆ ಹೊರಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಮುಖ ಬಿಟ್ಟು ಹೇಗೆ ಹೋಗುವುದು?

"ಟೋಪಿ, ನಾನು ಕಳ್ಳಿ."

"ಗೊತ್ತು."

"ನಿಮ್ಗೆ ಗೊತ್ತಿರೋದು ಒಂದೇ ಗೊಂಚಲು. ಅದಕ್ಕೂ ಮುಂಚೆ ಮೇಲ್ಗಡೆ ಸಾಲಲ್ಲಿ ಇನ್ನೊಂದು ತಿಂದಿದ್ದೆ. ಪೂರ್ತಿ. ಅಪ್ಪಟ ಜೇನು ಕಣ್ರೀ ಅದು!"

"ಸಾಧ್ಯನೇ ಇಲ್ಲ. ಒಂದೇ ಗುಡ್ಡ, ಒಂದೇ ತಳಿ."

"ನೀವು ಮೇಲಿನದು ಒಂದಾದ್ರೂ ಬಾಯಿಗೆ ಹಾಕ್ಕೊಂಡಿದ್ದೀರಾ?"

ಹಾಕಿಕೊಂಡಿರಲಿಲ್ಲ. ರಿಬ್ಬನ್ ಬಳ್ಳಿ ಹಣ್ಣಾಗುವವರೆಗೆ ಗುಡ್ಡದ ಒಂದು ಹಣ್ಣನ್ನೂ ಯಾರೂ ಬಾಯಿಗಿಡಬಾರದು. ಅದು ದೊಡ್ಡಪ್ಪ ಮಾಡಿಟ್ಟ ನಿಯಮ. ಇಷ್ಟು ವರ್ಷ ಮನೆಯವರೂ ಕೆಲಸದವರೂ ಚಾಚೂ ತಪ್ಪದೆ ಪಾಲಿಸಿದ್ದರು. ಮುರಿದವಳು ನಾನೊಬ್ಬಳೇ.

ಅವನ ತೋಳು ಹಿಡಿದು ಎಬ್ಬಿಸಿದೆ. ಇಬ್ಬರೂ ಏದುಸಿರು ಬಿಡುತ್ತ ಗುಡ್ಡ ಹತ್ತಿದೆವು. ಮೇಲೆ ಬಿಸಿಲು ಇನ್ನೂ ಕಾಯುತ್ತಿತ್ತು. ಕೆಳಗೆ, ರಿಬ್ಬನ್ ಬಳ್ಳಿ ಇರುವ ಗುಡ್ಡದ ಬುಡದಲ್ಲಿ, ಆಗಲೇ ನೆರಳು. ಅವನು ಒಂದು ಹಣ್ಣು ಹಿಂಡಿ ದುರ್ಬೀನು ಎತ್ತಿದ. ಇನ್ನೊಂದು ಬಳ್ಳಿ, ಮತ್ತೊಂದು ಸಾಲು, ಹಾಗೇ ಕೊನೆಯ ನಾಲ್ಕು ಸಾಲಿನವರೆಗೆ ಇಳಿದ.

"ಇಪ್ಪತ್ನಾಲ್ಕು! ಗೊಂಚಲು, ಇಪ್ಪತ್ನಾಲ್ಕು!" ಎಂದು ಗುಡ್ಡ ಹಾರಿಹೋಗುವಂತೆ ಕೂಗಿದ. ಟೋಪಿ ಗಾಳಿಗೆ ಎಲ್ಲೋ ಹೋಯಿತು, ಅವನು ತಿರುಗಿಯೂ ನೋಡಲಿಲ್ಲ. "ಮೂರು ದಿನ ಯಾಕ್ರೀ ಹೇಳ್ಲಿಲ್ಲ?"

"ಶಿಕ್ಷೆ ಇನ್ನೂ ಮೂರು ದಿನ ಜಾಸ್ತಿ ಆಗುತ್ತೆ ಅಂತ."

"ಆಗಿದ್ರೆ ಏನಾಗ್ತಿತ್ತು?" ಎಂದು ನನ್ನನ್ನೇ ನೋಡಿದ. ನಾನು ಅವನ ಟೋಪಿ ಹುಡುಕುವ ನೆಪದಲ್ಲಿ ಬಳ್ಳಿಗಳ ಸಂದಿಗೆ ನುಗ್ಗಿದೆ.

ದೊಡ್ಡಮ್ಮನಿಗೆ ಅವನು ನೆಲ ನೋಡುತ್ತ ಹೇಳಿದ. ನೆರಳಿನ ಬಳ್ಳಿ ಹಣ್ಣಾಗಲೆಂದು ಕಾದದ್ದಕ್ಕೇ ಮೇಲಿನ ಹಣ್ಣು ಪ್ರತಿ ವರ್ಷ ಕೆಟ್ಟಿತು, ತೀರಿಕೊಂಡ ದೊಡ್ಡಪ್ಪನ ಲೆಕ್ಕವೇ ತಪ್ಪು ಎನ್ನಬೇಕಲ್ಲ. ಅವರು ಎಲ್ಲ ಕೇಳಿ ಗುಡ್ಡದ ಕಡೆ ನೋಡಿದರು.

"ರಿಬ್ಬನ್ನು ಅಷ್ಟು ಕೆಳಗೆ ಯಾಕೆ ಕಟ್ಟಿದ್ರು ಗೊತ್ತಾ? ಮಂಡಿನೋವು. ಮೇಲೆ ಹತ್ತೋಕೆ ಆಗ್ತಿರ್ಲಿಲ್ಲ. ಯಾರಿಗೂ ಹೇಳ್ಬೇಡ ಅಂದಿದ್ರು, ನಾನೂ ಹೇಳ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. ನೋಡಿದರೆ ನಗುತ್ತಿದ್ದರು. "ಅಯ್ಯೋ ಪುಣ್ಯಾತ್ಮ! ಕೀಳ್ರೋ ಹೋಗಿ!"

ಕೀಳುವವರು ಯಾರು? ಆಳುಗಳೆಲ್ಲ ಆ ವಾರ ಕಂಪನಿಯ ತೋಟದಲ್ಲಿದ್ದರು.

"ಹಾಸ್ಟೆಲ್ ತುಂಬ ನನ್ನಂಥೋರೇ ಇದ್ದಾರೆ," ಎಂದೆ. "ಊಟ ಹಾಕ್ತೀರಾ ದೊಡ್ಡಮ್ಮ?"

"ಹೊಟ್ಟೆ ಬಿರಿಯ!"

ಹಾಸ್ಟೆಲ್ಲಿಗೆ ಒಂದು ಗಂಟೆಯ ದಾರಿ. ನಲವತ್ತು ನಿಮಿಷದಲ್ಲಿ ಮುಟ್ಟಿದೆ. ಬೆಳಕು ಹರಿಯುವಾಗ ನನ್ನ ಹಿಂದೆ ಹದಿನೇಳು ಜನ ಬರುತ್ತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ಮತ್ತವರ ಹೆಂಡತಿ, ನರ್ಸಿಂಗ್ ಓದುವ ಹುಡುಗಿಯರು, ಕೆಲಸ ಬಿಟ್ಟು ಊರೂರು ಅಲೆಯುವ ಒಬ್ಬ ಅಡುಗೆಭಟ್ಟ. ಎಲ್ಲರ ಬೂಟೂ ಸವೆದದ್ದೇ, ಎಲ್ಲರ ಹೊಟ್ಟೆಯೂ ಹಸಿದದ್ದೇ.

ಕತ್ತರಿಗಳು ಚಕಚಕ ಓಡಿದವು. ಕ್ರೇಟುಗಳು ಕೈಯಿಂದ ಕೈಗೆ ಇಳಿದವು. ಅವನು ಪಕ್ಕದ ಸಾಲಿನಲ್ಲಿದ್ದ. ಎಲೆಗಳ ನಡುವೆ ಆಗಾಗ ಕಣ್ಣು ಮಾತ್ರ ಕಾಣುತ್ತಿತ್ತು. ಪ್ರತಿ ಸಲ ಅದು ನನ್ನ ಕಡೆಯೇ ಇರುತ್ತಿತ್ತು.

"ಬೆರಳು ಜೋಪಾನ. ಕತ್ತರಿ ನೋಡಿ ಕೆಲಸ ಮಾಡಿ," ಎಂದೆ.

"ನೋಡೋದು ಬೇರೆ ಇದೆ."

ನಾಲ್ಕು ಗಂಟೆಗೆ ಮೋಡ ಕಪ್ಪಿಟ್ಟಿತು. ಇನ್ನೂ ಹುಳಿಯಿದ್ದ ಕೆಳಗಿನ ನಾಲ್ಕು ಸಾಲು ಬಿಟ್ಟು ಇಡೀ ಗುಡ್ಡ ಬರಿದಾಗಿತ್ತು. ಕೊನೆಯ ಕ್ರೇಟನ್ನು ನಾವಿಬ್ಬರೂ ಒಂದೊಂದು ಕಡೆ ಹಿಡಿದು ಓಡಿದೆವು. ಶೆಡ್ಡಿನೊಳಗೆ ಕಾಲಿಟ್ಟೆವೋ ಇಲ್ಲವೋ, ತಗಡಿನ ಮೇಲೆ ಮಳೆ ಧೋ ಎಂದು ಬಿತ್ತು. ಹದಿನೇಳು ಗಂಟಲು ಒಟ್ಟಿಗೆ ಹೋ ಎಂದವು.

ಮೊದಲ ಕ್ರೇಟು ಹಿಂಡಿದಾಗ ದೊಡ್ಡಮ್ಮ ಲೋಟ ಒಡ್ಡಿ ರಸ ಹಿಡಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಕಂಪನಿಗೆ ಫೋನ್ ಮಾಡೋ," ಎಂದರು. "ಗುಡ್ಡ ಕೊಡಲ್ಲ ಅಂತ ಹೇಳು. ಇನ್ಮೇಲೆ ಅದು ನಿಂದು."

ಅವನು ಫೋನಿಗೆ ಕೈ ಹಾಕಲಿಲ್ಲ. ರಸ ಮೆತ್ತಿದ ಕೈಯಲ್ಲೇ ಜನರನ್ನು ಸರಿಸಿಕೊಂಡು ನನ್ನ ಮುಂದೆ ಬಂದು ನಿಂತ.

"ನಾಳೆ ಹೋಗ್ತೀಯಾ?"

ಇದ್ದಕ್ಕಿದ್ದಂತೆ ಏಕವಚನ!

"ಇನ್ನೂ ಐದು ತೋಟ ಬಾಕಿ ಇದೆ," ಎಂದೆ, ಬೇಕೆಂದೇ.

"ನಂಗೆ ನೀನಂದ್ರೆ ತುಂಬಾ ಇಷ್ಟ," ಎಂದು ಮಳೆಗಿಂತ ಜೋರಾಗಿ ಹೇಳಿದ. "ಇವತ್ತು ಗುಡ್ಡ ಕೈತಪ್ಪಿದ್ರೂ ಇದನ್ನ ಹೇಳ್ತಿದ್ದೆ. ಆಗ ಅಳ್ತಾ ಹೇಳ್ತಿದ್ದೆ, ಅಷ್ಟೇ."

ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಪೋಸ್ಟ್‌ಮ್ಯಾನ್ ಹೆಂಡತಿಯಂತೂ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದರು.

"ಬೇಗ ಏನಾದ್ರೂ ಹೇಳಮ್ಮ, ಊಟ ಆರ್ತಿದೆ," ಎಂದರು ದೊಡ್ಡಮ್ಮ.

ಅವನ ನೇರಳೆ ಬಣ್ಣದ ಕೈ ಹಿಡಿದುಕೊಂಡೆ. ಬೆರಳಿಗೆ ಬೆರಳು ಅಂಟಿತು.

"ಆ ಐದು ತೋಟ ಎಲ್ಲಿಗೂ ಓಡಿಹೋಗಲ್ಲ," ಎಂದೆ. "ನಾನು ಇಲ್ಲೇ ಇರ್ತೀನಿ ಕಣೋ. ರಜೆ ಮುಗಿಯೋವರೆಗೆ ಅಲ್ಲ. ಇರ್ತೀನಿ."