ಹುಳಿ ಹಿಡಿದ ಪೀಪಾಯಿ

ಮಿನಿಬಾರ್ ಅಂದರೆ ಹೋಟೆಲ್ ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ನಿಂತು ಗುಂಯ್‌ಗುಡುವ ಪುಟ್ಟ ಫ್ರಿಜ್ಜು. ಅದರ ಬಾಗಿಲು ತೆಗೆದು, ತಂಗಿದವರು ಎಷ್ಟು ಗೋಡಂಬಿ ತಿಂದರು, ಎಷ್ಟು ಸೋಡಾ ಕುಡಿದರು ಎಂದು ನೋಡಿ, ಖಾಲಿಯಾದದ್ದನ್ನು ತುಂಬಿಟ್ಟು ಬರುವುದೂ ಒಂದು ಉದ್ಯೋಗ. ಮಸ್ಕತ್ತಿನ ಕಡಲ ಬದಿಯ ದೊಡ್ಡ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ಬಾರಿನ ಉಗ್ರಾಣವನ್ನು ರಾಜನಂತೆ ಆಳಿದ ವಿಕ್ಟರ್ ಲಸ್ರಾದೊನಿಗೆ, ತಲೆ ಪೂರ್ತಿ ನರೆತ ಮೇಲೆ, ಆ ಉದ್ಯೋಗ ಸಿಕ್ಕಿತು.

ಕೊಟ್ಟವನು ಸುಕೇಶ್. ಉಡುಪಿ ಕಡೆಯವನು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವನು, ವಿಕ್ಟರ್ ಆಸೆಯಿಟ್ಟು ಕಾದಿದ್ದ ಬೆವರೇಜ್ ಮ್ಯಾನೇಜರ್ ಕುರ್ಚಿಯಲ್ಲಿ ಹೇಳದೆ ಕೇಳದೆ ಕೂತುಬಿಟ್ಟಿದ್ದ.

"ನಿಮ್ಮ ಸೊಂಟಕ್ಕೆ ಒಳ್ಳೇದು ವಿಕ್ಟರಣ್ಣ," ಎಂದಿದ್ದ ಸುಕೇಶ್, ನಿಜವಾಗಿಯೂ ಉಪಕಾರ ಮಾಡಿದವನ ಮುಖದಲ್ಲಿ. "ಇನ್ನು ಪೀಪಾಯಿ ಎತ್ಲಿಕ್ಕೆ ಇಲ್ಲ. ಟ್ರಾಲಿ ಉಂಟು, ಲಿಫ್ಟ್ ಉಂಟು, ಎಸಿ ಉಂಟು. ಆರಾಮ್ ಮಾರಾಯ್ರೆ."

ದಿನವಿಡೀ ಕೋಣೆಯಿಂದ ಕೋಣೆಗೆ ಹೋಗಿ ಕುಕ್ಕರುಗಾಲಲ್ಲಿ ಕೂರುವುದು ಸೊಂಟಕ್ಕೆ ಹೇಗೆ ಒಳ್ಳೆಯದಾಗುತ್ತದೆ ಎಂದು ವಿಕ್ಟರ್ ಕೇಳಲಿಲ್ಲ. ಮಾತಾಡಿ ಸೇಡು ತೀರಿಸಿಕೊಳ್ಳುವವರು ಸಣ್ಣ ಜನ ಎಂಬುದು ಅವನ ಅಭಿಪ್ರಾಯವಾಗಿತ್ತು.

ಅವನ ಹೊಟ್ಟೆಯುರಿಗೆ ಕುರ್ಚಿಯೊಂದೇ ಕಾರಣವಲ್ಲ. ಬೆಲ್ಡನ್ ಏಲ್ ಕೂಡ ಸುಕೇಶನ ಪಾಲಾಗಿತ್ತು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಬೆಲ್ಡನ್ ಎಂಬ ಮನೆತನ ತಲೆಮಾರುಗಳಿಂದ ಏಲ್ ಎಂಬ ಹಳೇ ಕ್ರಮದ ಬಿಯರ್ ಇಳಿಸುತ್ತ ಬಂದಿದೆ. ಅಪ್ಪನಿಂದ ಮಗನಿಗೆ ಇಳಿದ ಅದೇ ತಾಮ್ರದ ಹಂಡೆ, ಅದೇ ಬಾವಿ ನೀರು. ಒಮ್ಮೆ ಮುದುಕ ಬೆಲ್ಡನ್ ಮಸ್ಕತ್ತಿಗೆ ಬಂದಿದ್ದಾಗ ವಿಕ್ಟರನ ಉಗ್ರಾಣ ನೋಡಿ, ಪೀಪಾಯಿಯನ್ನು ಹೇಗೆ ಮಲಗಿಸಬೇಕು, ಮರದ ಬಿರಡೆಯನ್ನು ಹೇಗೆ ತೆಗೆದು ಹೇಗೆ ಬಡಿಯಬೇಕು ಎಂದು ಕೈಹಿಡಿದು ಕಲಿಸಿದ್ದ. ಹೋಗುವಾಗ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡಿದ್ದ. ಮಸ್ಕತ್ತಿನ ರುವಿ ಬಡಾವಣೆಯಲ್ಲಿದ್ದ ವಿಕ್ಟರನ ಫ್ಲ್ಯಾಟಿನಲ್ಲಿ ಆ ಫೋಟೋ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲೇ ಇತ್ತು. ಸಂಜೆ ಪ್ರಾರ್ಥನೆಗೆ ಮೊಣಕಾಲೂರಿದಾಗ ವಿಕ್ಟರನ ಹೆಂಡತಿ ತೆರೇಸಾಳ ಕಣ್ಣು ಎಷ್ಟೋ ಸಲ ತಪ್ಪಿ ಬೆಲ್ಡನ್ ಮೇಲೆ ಬೀಳುತ್ತಿತ್ತು.

ಈಸ್ಟರಿಗೆ ಇನ್ನೂ ಸ್ವಲ್ಪ ಕಾಲವಿರುವಾಗ, ಈದ್ ರಜೆ ಮುಗಿದ ವಾರ, ನೌಕರರ ಕ್ಯಾಂಟೀನಿನಲ್ಲಿ ವೇಟರ್ ಆಲ್ಸ್ಟನ್ ಸುದ್ದಿ ತಂದ.

"ವಿಕ್ಟರ್ ಅಂಕಲ್, ನಿಮ್ಮ ಬೆಲ್ಡನ್ ಸಾಯ್ಬನ ಮಗಳು ಬರ್ತಾಳಂತೆ. ಶುಕ್ರವಾರ ಮಧ್ಯಾಹ್ನ ದೊಡ್ಡ ಹಾಲ್‌ನಲ್ಲಿ ಊಟ. ಸ್ಟೇಜಿನ ಮೇಲೆ ಪೀಪಾಯಿ ಇಟ್ಟು ಸುಕೇಶ್ ಸರ್ ಅವಳ ಕೈಯಲ್ಲೇ ತೆರೆಸ್ತಾರಂತೆ. ಈ ಸಲ ಅವರು ಎಂತ ಮಾಡಿದ್ದಾರೆ ಅಂದ್ರೆ..."

ಆಲ್ಸ್ಟನ್ ಮುಂದೆಯೂ ಏನೋ ಹೇಳುತ್ತಲೇ ಹೋದ. ವಿಕ್ಟರನ ಕಿವಿ ಅಷ್ಟರಲ್ಲಿ ಮುಚ್ಚಿತ್ತು. ಸ್ಟೇಜು, ಪೀಪಾಯಿ, ಪಕ್ಕದಲ್ಲಿ ಟೈ ಕಟ್ಟಿಕೊಂಡ ಸುಕೇಶ್: ಇಷ್ಟು ಅವನಿಗೆ ಸಾಕಾಗಿತ್ತು. ತಟ್ಟೆಯಲ್ಲಿದ್ದ ಮೀನು ಗಸಿ ಆರುವುದರೊಳಗೆ ಇಡೀ ಉಪಾಯ ಅವನ ತಲೆಯಲ್ಲಿ ಸಿದ್ಧವಾಯಿತು.

ಏಲ್ ಮಹಾ ನಾಜೂಕಿನ ವಸ್ತು. ಇಟ್ಟವನ ಕೈ ಚೆನ್ನಾಗಿಲ್ಲದಿದ್ದರೆ ಹುಳಿಯಾಗುತ್ತದೆ. ಹುಳಿಯಾದರೆ ಮಾಡಿದವನನ್ನು ಯಾರೂ ದೂರುವುದಿಲ್ಲ, ಇಟ್ಟವನನ್ನೇ ದೂರುವುದು. ಬೆಲ್ಡನ್ ಮನೆತನದ ಮಗಳು, ಹೋಟೆಲಿನ ಮಾಲೀಕರ ಎದುರು, ಊರಿನ ಗಣ್ಯರೆಲ್ಲರ ಎದುರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳೆಂದರೆ ಸುಕೇಶನ ಕತೆ ಖಲಾಸ್. ಆಮೇಲೆ ಎಲ್ಲರೂ, ಈ ಪೀಪಾಯಿಗಳನ್ನು ಹದಿನೆಂಟು ವರ್ಷ ಯಾರಪ್ಪ ನೋಡಿಕೊಳ್ಳುತ್ತಿದ್ದದ್ದು ಎಂದು ಕೇಳಲೇಬೇಕು.

ಉಪಾಯದ ನಿಜವಾದ ಸೊಗಸು ಬೇರೆ ಕಡೆ ಇತ್ತು. ಕಳ್ಳತನ ಮಾಡಿದರೆ ಪೊಲೀಸರು ಬರುತ್ತಾರೆ. ವಿಷ ಹಾಕಿದರೂ ಬರುತ್ತಾರೆ. ಬಿಯರ್ ಹುಳಿಯಾಯಿತೆಂದು ಯಾವ ದೇಶದ ಪೊಲೀಸರೂ ಬರುವುದಿಲ್ಲ. ಅದು ಅವಮಾನ, ಅಪರಾಧವಲ್ಲ. ಅಪರಾಧವೇ ಅಲ್ಲದ್ದನ್ನು ಯಾರು ಪತ್ತೆ ಮಾಡುತ್ತಾರೆ? ಅವಮಾನಕ್ಕೆ ಬೆರಳಚ್ಚು ಎಲ್ಲಿರುತ್ತದೆ? ತನ್ನ ಬುದ್ಧಿಗೆ ತಾನೇ ತಲೆದೂಗಿ ವಿಕ್ಟರ್ ಇನ್ನೊಂದು ತುಂಡು ಮೀನು ಹಾಕಿಸಿಕೊಂಡ.

ಪೀಪಾಯಿಯಲ್ಲಿದ್ದದ್ದನ್ನು ಚೆಲ್ಲಿ ಬೇರೆಯದನ್ನು ತುಂಬಬೇಕು. ಆ ಬೇರೆಯದನ್ನು ಅವನು ತನ್ನ ಬಚ್ಚಲಲ್ಲೇ ತಯಾರಿಸಿದ. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಮಾಲ್ಟ್ ಪಾನೀಯ, ಸಕ್ಕರೆ, ಬ್ರೆಡ್ಡಿಗೆ ಹಾಕುವ ಯೀಸ್ಟು. ಎಲ್ಲವನ್ನೂ ನೀರಿನ ಕ್ಯಾನಿಗೆ ಸುರಿದು ಬಾಯಿಗೆ ಬಟ್ಟೆ ಕಟ್ಟಿದ. ಮಸ್ಕತ್ತಿನ ಸೆಕೆ ಉಳಿದ ಕೆಲಸ ನೋಡಿಕೊಂಡಿತು. ಬೇಗನೆ ಕ್ಯಾನು ಗುಳುಗುಳು ಎನ್ನತೊಡಗಿತು.

"ಬಚ್ಚಲಲ್ಲಿ ಸನ್ನದ ಹಿಟ್ಟು ಕಲಸಿಟ್ಟಿದ್ದೀರಾ?" ತೆರೇಸಾ ಮೂಗು ಮುಚ್ಚಿಕೊಂಡು ಕೇಳಿದಳು. ಕಳ್ಳು ಹಾಕಿ ಹುದುಗಿಸುವ, ಇಡ್ಲಿಯಂಥ ಸನ್ನದ ಹಿಟ್ಟಿಗೂ ಇದೇ ವಾಸನೆ.

"ಗೊಬ್ಬರ ಅದು. ನಿನ್ನ ಬೇವಿನೆಲೆ ಗಿಡಕ್ಕೆ."

ಬಾಲ್ಕನಿಯ ಕುಂಡದಲ್ಲಿದ್ದ ಬೇವಿನೆಲೆ, ಅಂದರೆ ಕರಿಬೇವಿನ ಗಿಡ ತೆರೇಸಾಳ ಜೀವ. ಸಂತೋಷದಿಂದ ಅವಳು ಒಂದು ಚೊಂಬು ಸುರಿದಳು. ಗಿಡ ಸಂಜೆಗೆ ತಲೆಬಾಗಿ, ಮರುದಿನ ಎಲೆಯೆಲ್ಲ ಉದುರಿಸಿತು. "ಇದು ಯಾವ ಊರಿನ ಗೊಬ್ಬರ!" ಎಂದು ಅವಳು ಇಡೀ ದಿನ ಮಾತು ಬಿಟ್ಟಳು. ವಿಕ್ಟರನಿಗೆ ಮಾತ್ರ ಗಿಡದ ಅಭಿಪ್ರಾಯ ತುಂಬಾ ಹಿಡಿಸಿತು. ಅವನು ಸ್ವತಃ ರುಚಿ ನೋಡುವಂತಿರಲಿಲ್ಲ. ಅದು ತಪಸ್ಸಿನ ಕಾಲ. ಬೂದಿ ಬುಧವಾರದಿಂದ ಈಸ್ಟರಿನವರೆಗೆ ಅವನು ತುಟಿಗೆ ಮದ್ಯ ಸೋಕಿಸುವವನಲ್ಲ, ಈ ಒಂದು ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ತಾನು ಮಾಡಹೊರಟದ್ದು ಪಾಪವೇ ಎಂಬುದನ್ನೂ ಅವನು ಇಗರ್ಜಿಯ ಬೆಂಚಿನಲ್ಲಿ ಕೂತು ಯೋಚಿಸಿದ. ಕಳ್ಳತನವಲ್ಲ, ಏಕೆಂದರೆ ತಾನೇನೂ ಮನೆಗೆ ತರುತ್ತಿಲ್ಲ. ಸುಳ್ಳೂ ಅಲ್ಲ, ಬಾಯಿಯನ್ನೇ ತೆರೆಯುವುದಿಲ್ಲವಲ್ಲ. ಏನಿದ್ದರೂ ಈಸ್ಟರಿನ ಪಾಪನಿವೇದನೆಯಲ್ಲಿ ಉಳಿದವುಗಳ ನಡುವೆ ಬೇಗಬೇಗ ಹೇಳಿ ಮುಗಿಸಬಹುದು ಎಂದು ತೀರ್ಮಾನಿಸಿದ.

ಒಂದು ಕ್ಯಾನಿನಷ್ಟು ಹಿಡಿಸುವ ಪುಟ್ಟ ಪೀಪಾಯಿ ಬಂದಿಳಿಯಿತು. ಎಲ್ಲಿಟ್ಟಿದ್ದಾರೆಂದು ತಿಳಿದಾಗ ವಿಕ್ಟರನಿಗೆ ನಗು ತಡೆಯಲಾಗಲಿಲ್ಲ. ಎರಡೆರಡು ಬೀಗದ, ಕ್ಯಾಮೆರಾ ಹಾಕಿದ ಮದ್ಯದ ಉಗ್ರಾಣವನ್ನು ಬಿಟ್ಟು ಆ ದಡ್ಡ ಅದನ್ನು ಅಡುಗೆಮನೆಯ ಕೋಲ್ಡ್ ರೂಮಿನಲ್ಲಿ, ಮೊಸರು, ಚೀಸು, ಕಿತ್ತಳೆ ರಸದ ಡಬ್ಬಗಳ ನಡುವೆ ಇಡಿಸಿದ್ದ. ಆ ಕೋಲ್ಡ್ ರೂಮಿನ ಯಜಮಾನ ಉಳ್ಳಾಲದ ಇದಿನಬ್ಬ. ಬಾರಿನ ಬಾಗಿಲ ಮುಂದೆ ನಡೆಯಬೇಕಾದರೂ ಸುತ್ತು ಹಾಕಿ ಹೋಗುವಷ್ಟು ದೈವಭಕ್ತ.

"ಇದನ್ನು ನಿಮ್ಮ ಹತ್ರ ಇಟ್ರಾ ಇದಿನಬ್ಬ ಕಾಕ?" ವಿಕ್ಟರ್ ಅಮಾಯಕನಂತೆ ಕೇಳಿದ.

"ಹ್ಞಾಂ. ನಾನು ಮೊದ್ಲು ಬೇಡ ಹೇಳ್ದೆ. ಇದಕ್ಕೆ ಪರ್ವಾಗಿಲ್ಲ ಅಂತ ಸುಕೇಶ್ ಸಾರ್ ಎಲ್ಲ ಬಿಡಿಸಿ ಹೇಳಿದ್ರು. ಮತ್ತೆ ಒಪ್ಪಿದೆ."

ಪಾಪದ ಮನುಷ್ಯನಿಗೆ ಏನೋ ಹೇಳಿ ಟೋಪಿ ಹಾಕಿದ್ದಾನಲ್ಲ ಎಂದು ವಿಕ್ಟರನಿಗೆ ಸುಕೇಶನ ಮೇಲೆ ಇನ್ನಷ್ಟು ಹೇಸಿಗೆ ಹುಟ್ಟಿತು. ಇಂಥವನನ್ನು ಕೆಳಗಿಳಿಸುವುದು ಒಂದು ರೀತಿಯಲ್ಲಿ ಧರ್ಮಕಾರ್ಯವೇ ಆಗಿತ್ತು.

ಗುರುವಾರ ಸಾಯಂಕಾಲ ಇದಿನಬ್ಬ ಅಸರ್ ನಮಾಜಿಗೆ ಹೋದ ಹೊತ್ತು ನೋಡಿ ವಿಕ್ಟರ್ ಮಿನಿಬಾರ್ ಟ್ರಾಲಿ ತಳ್ಳಿಕೊಂಡು ಕೋಲ್ಡ್ ರೂಮಿಗೆ ಬಂದ. ಯಾವ ಟ್ರಾಲಿ ತನ್ನ ಮಾನ ಕಳೆದಿತ್ತೋ ಅದೇ ಟ್ರಾಲಿ ಈಗ ಅವನಿಗೆ ರಹದಾರಿ. ಅದನ್ನು ತಳ್ಳುವವನನ್ನು ಹೋಟೆಲಿನಲ್ಲಿ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕೆಳಗಿನ ಅರೆಯಲ್ಲಿ, ನೀರಿನ ಬಾಟಲಿಗಳ ಹಿಂದೆ, ಬೇರೆ ಬಾಟಲಿಗಳಿಗೆ ಸುರಿದು ತಂದ ಬಚ್ಚಲಿನ ಮಾಲು ಕೂತಿತ್ತು. ಮರದ ಪೀಪಾಯಿಯ ಮೇಲೆ ಬೆಲ್ಡನ್ ಮನೆತನದ ಲಾಂಛನ, ಎರಡು ಬಾರ್ಲಿ ತೆನೆಗಳ ನಡುವಿನ ಹುಂಜ, ಕಂಡಾಗ ಅವನಿಗೆ ಒಂದು ಕ್ಷಣ ಮುದುಕನ ನೆನಪಾಗಿ ಎದೆ ಭಾರವಾಯಿತು. ಮರುಕ್ಷಣ ಸುಕೇಶನ ನೆನಪಾಗಿ ಹಗುರವೂ ಆಯಿತು. ಮುದುಕ ಕಲಿಸಿದಂತೆಯೇ ಬಿರಡೆಗೆ ಎರಡು ಪೆಟ್ಟು ಕೊಟ್ಟು ಸಡಿಲಿಸಿದ. ಮೀನು ತೊಳೆದ ನೀರು ಹೋಗುವ ಮೋರಿಗೆ ಏಲನ್ನು ಹರಿಸಿದ. ಕಂದು ಬಣ್ಣದ ನೊರೆ, ಹುರಿದ ಬಾರ್ಲಿಯ ಪರಿಮಳ. ಬಾಯಿ ನೀರೂರಿತು. ಬೆರಳದ್ದಿ ನೆಕ್ಕುವ ಆಸೆಯೂ ಆಯಿತು. ತಪಸ್ಸಿನ ಕಾಲ ನೆನೆದು ಶಿಲುಬೆಯ ಗುರುತು ಹಾಕಿಕೊಂಡ. ಮಾಲು ತುಂಬಿ, ಹಳೆಯ ದಾಸ್ತಾನಿನಲ್ಲಿ ಉಳಿಸಿಕೊಂಡಿದ್ದ ಹೊಸ ಬಿರಡೆ ಬಡಿದು, ಟ್ರಾಲಿಯೊಂದಿಗೆ ಲಿಫ್ಟ್ ಹತ್ತಿದ. ಇಷ್ಟು ಶುದ್ಧವಾದ ಕೆಲಸವನ್ನು ಈ ಹೋಟೆಲಿನಲ್ಲಿ ಯಾರೂ ಮಾಡಿರಲಿಕ್ಕಿಲ್ಲ ಎನ್ನಿಸಿತು. ಮನೆಯ ಕ್ಯಾನಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಶನಿವಾರ ಚೆಲ್ಲಿದರಾಯಿತು, ಅವಸರವೇನು?

ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಶಿಲುಬೆಯ ಹಾದಿ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಕೆಲಸಕ್ಕೆ ಬಂದ. ಮಧ್ಯಾಹ್ನ ಜುಮಾ ನಮಾಜು ಮುಗಿದ ಮೇಲೆ ದೊಡ್ಡ ಹಾಲ್ ತುಂಬಿತು. ವಿಕ್ಟರ್ ಸೇವಾ ಬಾಗಿಲಿನ ಗಾಜಿನ ಹಿಂದೆ ಟ್ರಾಲಿ ಹಿಡಿದು ನಿಂತ. ಎಂಥ ಸಭೆ! ಕಾಲತನಕ ಇಳಿಯುವ ಬಿಳಿ ನಿಲುವಂಗಿ ದಿಶ್ದಾಶಾ ತೊಟ್ಟ ಗಣ್ಯರು, ಇಂಡಿಯನ್ ಸ್ಕೂಲಿನ ಟೀಚರುಗಳು, ಹೆಂಡತಿ ಮಕ್ಕಳ ಸಮೇತ ಬಂದ ಆಫೀಸಿನವರು. ಹೋಟೆಲಿನ ಮಾಲೀಕರು, ಎಲ್ಲರೂ ಅರ್ಬಾಬ್ ಎಂದು ಕರೆಯುವ ಹಿರಿಯರು, ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಮೇಜಿನಲ್ಲಿದ್ದರು. ಬಿಯರಿನ ಕಾರ್ಯಕ್ರಮಕ್ಕೆ ಮಕ್ಕಳು ಮರಿ ಕರೆಯುತ್ತಾರೆಯೇ? ಸುಕೇಶನಿಗೆ ಅತಿಥಿಗಳನ್ನು ಕರೆಯುವ ಕ್ರಮವೂ ತಿಳಿಯದು ಎಂದುಕೊಂಡ ವಿಕ್ಟರ್. ಸಾಕ್ಷಿಗಳು ಹೆಚ್ಚಿದಷ್ಟು ಒಳ್ಳೆಯದೇ.

ಸ್ಟೇಜಿನ ಮೇಲೆ ಬೆಲ್ಡನ್‌ನ ಮಗಳು ಪೀಪಾಯಿಗೆ ಸುತ್ತಿಗೆಯಿಂದ ನಲ್ಲಿ ಬಡಿದು ಕೂರಿಸಿದಳು. ಚಪ್ಪಾಳೆ. ಆಲ್ಸ್ಟನ್ ಪುಟ್ಟ ಗ್ಲಾಸುಗಳನ್ನು ತುಂಬಿ ಮುಂದಿನ ಮೇಜುಗಳಿಗೆ ಹಂಚಿದ. ಅರ್ಬಾಬ್ ಮುಂದೆಯೂ ಒಂದು ಗ್ಲಾಸು ಬಂತು. ಅವರು ಅದನ್ನು ಕೈಗೆತ್ತಿಕೊಂಡಾಗ, ಫೋಟೋಗೆಂದು ಎತ್ತಿದ್ದಾರೆ ಎಂದು ವಿಕ್ಟರ್ ತಿಳಿದ.

ಬೆಲ್ಡನ್‌ನ ಮಗಳು ಗ್ಲಾಸನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಒಂದು ಗುಟುಕು ಬಾಯಲ್ಲಿ ಹೊರಳಿಸಿದಳು. ವಿಕ್ಟರ್ ಗಾಜಿಗೆ ಮೂಗು ಒತ್ತಿ ನೋಡಿದ. ಅವಳ ಮುಖ ಬಿಳಿಚಿತು. ಅವನು ಲೆಕ್ಕ ಹಾಕಿದ್ದಂತೆ ಸಿಂಡರಿಸಲಿಲ್ಲ, ಹೆದರಿತು. ಗ್ಲಾಸು ಬಿಸುಟು ಅವಳು ಸ್ಟೇಜಿನಿಂದ ಹಾರಿದಳು. ಅರ್ಬಾಬರ ಮೊಮ್ಮಗಳು ತಾತನ ಗ್ಲಾಸಿಗೆ ಬಾಯಿ ಹಾಕುವುದರಲ್ಲಿದ್ದಳು. ಆ ಗ್ಲಾಸನ್ನು ಕಿತ್ತುಕೊಂಡು, ಯಾರೂ ಕುಡಿಯಬೇಡಿ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಸುಕೇಶ್ ಅದನ್ನೇ ಹಿಂದಿಯಲ್ಲಿ ಕೂಗಿದ. ವೇಟರುಗಳು ಮೇಜಿನಿಂದ ಮೇಜಿಗೆ ಓಡಿದರು. ಮಗು ಅಳತೊಡಗಿತು.

ಇಂಗ್ಲಿಷರು ತಮ್ಮ ಏಲಿನ ವಿಷಯದಲ್ಲಿ ಎಷ್ಟು ಮಾನಿಷ್ಠರು! ವಿಕ್ಟರನ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಮಟ್ಟದ ಅವಮಾನವನ್ನು ಅವನು ಪ್ರಾರ್ಥನೆಯಲ್ಲಿಯೂ ಕೇಳಿಕೊಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸುಕೇಶ್ ಸೇವಾ ಬಾಗಿಲು ತಳ್ಳಿಕೊಂಡು ಬಂದ. ಟೈ ಸಡಿಲವಾಗಿತ್ತು.

"ವಿಕ್ಟರಣ್ಣ, ಎಲ್ಲಿಗೂ ಹೋಗ್ಬೇಡಿ. ಯಾರೂ ಹೊರಗೆ ಹೋಗ್ಲಿಕ್ಕಿಲ್ಲ. ಅರ್ಬಾಬ್ ಪೊಲೀಸಿಗೆ ಫೋನ್ ಮಾಡಿ ಆಯ್ತು. ನಮ್ಮೆಲ್ಲರ ರೂಮು, ಫ್ಲ್ಯಾಟು ಇವತ್ತೇ ನೋಡ್ತಾರಂತೆ."

"ಪೊಲೀಸಾ?" ವಿಕ್ಟರ್ ನಕ್ಕೇಬಿಟ್ಟ. "ಎಂತ ಮಾರಾಯ ನೀನು, ಬಿಯರ್ ಹುಳಿಯಾದ್ರೆ ಪೊಲೀಸ್ ಬರ್ತಾರಾ?"

"ಹುಳಿ ಆದ್ರೆ ಬಾಯಿ ತೊಳ್ಕೊಂಡ್ರೆ ಆಯ್ತಲ್ಲ ವಿಕ್ಟರಣ್ಣ, ಅದಕ್ಕೆ ಯಾರು ಅಳ್ತಾರೆ?" ಸುಕೇಶ್ ಪೀಪಾಯಿಯತ್ತ ಕೈ ತೋರಿಸಿದ. "ಅದರಲ್ಲಿ ಆಲ್ಕೋಹಾಲ್ ಉಂಟು! ಬೆಲ್ಡನ್‌ನವರು ಗಲ್ಫಿಗೆ ಅಂತಲೇ ಹೊಸತಾಗಿ ಆಲ್ಕೋಹಾಲ್ ಇಲ್ಲದ ಏಲ್ ಮಾಡಿದ್ದು, ಮಕ್ಕಳೂ ಕುಡೀಬಹುದು ಅಂತ ನಾನೇ ಅರ್ಬಾಬ್‌ಗೆ ಮಾತು ಕೊಟ್ಟದ್ದು. ಈಗ ಒಳಗೆ ಆಲ್ಕೋಹಾಲ್ ಯಾರು ತುಂಬಿದ್ದು ಅಂತ ಪೊಲೀಸರಿಗೆ ಬೇಕು." ಗಾಜಿನಾಚೆ ಖಾಲಿ ಸ್ಟೇಜಿನ ಮೇಲೆ ಪೀಪಾಯಿ ಒಂಟಿಯಾಗಿತ್ತು. ಹದಿನೆಂಟು ವರ್ಷದ ಅನುಭವದ ಕಣ್ಣಿನಿಂದ ವಿಕ್ಟರ್ ಅದನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ. ಎರಡು ಬಾರ್ಲಿ ತೆನೆ, ನಡುವೆ ಹುಂಜ, ಹುಂಜದ ಕಾಲ ಕೆಳಗೆ ತೆಳು ಹಸಿರು ಬಣ್ಣದಲ್ಲಿ ಒಂದು ಸೊನ್ನೆ, ಒಂದು ಚುಕ್ಕಿ, ಇನ್ನೊಂದು ಸೊನ್ನೆ.